ಕೂಡಲೇ ಕರೆ ಮಾಡಿ

ಜೂನ್ 9, ರವಿವಾರ

ಇಂದು ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಎರಡು ತಾಸು ಕೂತು ಗೂಗಲ್ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿತು ಬಂದೆ. ಕಲಿಸಿದವನು ಮಹೇಶಕುಮಾರ ಎಂಬಾತ. ಕೋಟು ಹಾಕಿಕೊಂಡಿದ್ದ. ಜೂನ್ ತಿಂಗಳಲ್ಲಿ ಹೈದರಾಬಾದಿನ ಈ ಕುಷಾಯಿಗೂಡದಲ್ಲಿ ಕೋಟು ಹಾಕುವವನು ಒಂದೋ ಮದುಮಗ, ಇಲ್ಲವೇ ಏನನ್ನೋ ಮಾರಲು ಬಂದವನು. 'ಮೂವತ್ತು ದಿನದಲ್ಲಿ ಮೊದಲ ಪುಟ' ಎಂದು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. ಮೂವತ್ನಾಲ್ಕು ವರ್ಷ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಇಂಥ ಮಾತಿನವರ ಮಾಲನ್ನು ಪೆಟ್ಟಿಗೆ ಬಿಚ್ಚದೆ ವಾಪಸು ಕಳಿಸುತ್ತಿದ್ದೆ. ಆದರೂ ಕೊನೆಯತನಕ ಕೂತೆ, ಮಗಳು ರಶ್ಮಿಯ ಸಲುವಾಗಿ.

ಅವನು ಹೇಳಿದ್ದರ ಸಾರ ಇಷ್ಟು. ಗೂಗಲ್ ಪ್ರಪಂಚದ ವೆಬ್‌ಸೈಟುಗಳನ್ನೆಲ್ಲ ಓದಿ ಯಾವ ಪುಟದಲ್ಲಿ ಏನಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ಯಾರಾದರೂ ಹುಡುಕಿದಾಗ ಚಲೋ ಪುಟವನ್ನು ಮೇಲೆ, ಉಳಿದದ್ದನ್ನು ಕೆಳಗೆ ಇಟ್ಟು ಕೊಡುತ್ತದೆ. ಚಲೋ ಯಾವುದೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಜನ ಹುಡುಕುವ ಶಬ್ದ ಪುಟದಲ್ಲಿರಬೇಕು. ಬೇರೆ ವೆಬ್‌ಸೈಟುಗಳು ನಮ್ಮ ಕಡೆ ಬೆರಳು ತೋರಿಸಬೇಕು, ಅದಕ್ಕೆ ಲಿಂಕ್ ಎನ್ನುತ್ತಾರೆ. ಮತ್ತೆ ಬಂದವನು ಓದುತ್ತ ಕೂಡಬಾರದು, ಕೂಡಲೇ ಫೋನ್ ಮಾಡಬೇಕು. ನಮ್ಮ ಕಾರ್ಖಾನೆಯ ಪ್ರಮೋಷನ್ ಪಟ್ಟಿಯೂ ಹೀಗೇ ಆಗುತ್ತಿತ್ತು: ಅರ್ಜಿಯಲ್ಲಿ ಸರಿಯಾದ ಶಬ್ದ, ನಾಲ್ಕು ಜನರ ಶಿಫಾರಸು. ಕೆಲಸ ಬರುತ್ತದೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ.

ಗೆಳೆಯ ಗುರುಸಿದ್ದಪ್ಪನವರು ಎದ್ದು, "ಅಲ್ರಿ, ನಮ್ಮದು ಪೈಪಿನ ಅಂಗಡಿ, ಮತ್ತ ನಮ್ಮಲ್ಲಿ..." ಎಂದು ಶುರು ಮಾಡಿದರು. ಅವರ ಪ್ರಶ್ನೆಯನ್ನು ನಾನೇ ಮುಗಿಸಿದೆ. ಅವರಿಗೆ ಬಿಟ್ಟಿದ್ದರೆ ಊಟದ ಹೊತ್ತು ಮೀರುತ್ತಿತ್ತು.

ರಶ್ಮಿ ತಾರ್ನಾಕದಲ್ಲಿ ಎರಡು ಕೋಣೆ ಹಿಡಿದು ಉಗ್ಗು ಇರುವವರಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್ ತೆರೆದು ಎಂಟು ತಿಂಗಳಾಯಿತು. ಮೊದಲು ದೊಡ್ಡ ಆಸ್ಪತ್ರೆಯೊಂದರಲ್ಲಿದ್ದಳು. ಒಬ್ಬರಿಗೆ ಹತ್ತೇ ನಿಮಿಷ ಎಂಬ ನಿಯಮ ಸಹಿಸದೆ ಬಿಟ್ಟು ಬಂದಳು. "ಆಗಸ್ಟ್ ತನಕ ನೋಡ್ತೀನ್ರಿ ಅಪ್ಪಾ. ಮಂದಿ ಬರಲಿಲ್ಲಂದ್ರ ಬಾಗಲಾ ಹಾಕಿ ಅಲ್ಲೇ ವಾಪಸ್ ಹೋಗ್ತೀನಿ" ಎಂದಿದ್ದಾಳೆ. ನನ್ನ ಮಗಳು ಹತ್ತು ನಿಮಿಷದ ಸಾಲಿಗೆ ಮರಳಿ ಹೋಗುವುದು ನಾನಿರುವ ತನಕ ಸಾಧ್ಯವಿಲ್ಲ.

ಜೂನ್ 10, ಸೋಮವಾರ

ರಶ್ಮಿ ವೆಬ್‌ಸೈಟಿನ ಪಾಸ್‌ವರ್ಡ್ ಕೊಟ್ಟಳು. "ಕನ್ನಡ ಪುಟದಾಗ ಕಾಗುಣಿತ ತಪ್ಪಿದ್ರ ಅಷ್ಟ ನೋಡ್ರಿ" ಎಂದಳು. 'ಅಷ್ಟ' ಎಂಬುದು ನನಗೆ ಕೇಳಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಅವಳಲ್ಲಿಗೆ ಹೊಸದಾಗಿ ಬರುವವರಲ್ಲಿ ಮುಕ್ಕಾಲು ಮಂದಿ ಬೀದರ, ಭಾಲ್ಕಿ, ಹುಮನಾಬಾದ ಕಡೆಯವರು. ಇಂಗ್ಲಿಷಿನಲ್ಲಿ ಹುಡುಕಿದರೆ ದೊಡ್ಡ ಆಸ್ಪತ್ರೆಗಳ ಬೆನ್ನ ಹಿಂದೆ ನಿಲ್ಲಬೇಕು, ಕನ್ನಡದಲ್ಲಿ ಹುಡುಕಿದರೆ ಅವಳ ಪುಟ ಮೂರನೆಯದಾಗಿ ಬರುತ್ತದಂತೆ. ಮೂರನೆಯದು. ಇವಳು ಶಾಲೆಯಲ್ಲೂ ಮೂರನೆಯ ರ‍್ಯಾಂಕಿಗೇ ತೃಪ್ತಿಪಡುತ್ತಿದ್ದಳು.

ಪುಟ ಓದಿ ತಲೆ ಚಚ್ಚಿಕೊಂಡೆ. ಮೊದಲ ಸಾಲೇ ಹೀಗಿದೆ: 'ಫೋನ್ ಮಾಡಬೇಕಾಗಿಲ್ಲ, ಎರಡು ಸಾಲು ಬರೆದು ಕಳಿಸಿದರೆ ಸಾಕು.' ಅಂಗಡಿ ತೆರೆದು ಗಿರಾಕಿಗೆ ಬರಬೇಡ ಎಂದಂತಾಯಿತು. ಕೆಳಗೆ ಮನೆಯವರಿಗೆ ಸೂಚನೆಗಳು. 'ಅವರ ಮಾತನ್ನು ನೀವು ಮುಗಿಸಬೇಡಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾಳೆ. ಹುಡುಕುವ ಶಬ್ದ 'ಉಗ್ಗು' ಇಡೀ ಪುಟದಲ್ಲಿ ಐದು ಸಲ ಬಂದಿದೆ. ಕಾಗುಣಿತ ತಪ್ಪು ಒಂದೂ ಇಲ್ಲ.

ಜೂನ್ 13, ಗುರುವಾರ

ಮೂರು ದಿನದ ಕೆಲಸ ಮುಗಿಯಿತು. 'ಉಗ್ಗು' ಈಗ ಅರವತ್ತೊಂದು ಸಲ ಇದೆ. 'ಉಗ್ಗು ಚಿಕಿತ್ಸೆ ಹೈದರಾಬಾದ್, ಉಗ್ಗಿಗೆ ಉತ್ತಮ ಉಗ್ಗು ಚಿಕಿತ್ಸೆ ತಾರ್ನಾಕ' ಎಂದು ಓದುವಾಗ ನಾಲಿಗೆ ತೊಡರುತ್ತದೆ ನಿಜ, ಆದರೆ ಗೂಗಲ್‌ಗೆ ನಾಲಿಗೆ ಇಲ್ಲ. ಜಾಗ ಸಾಲದ ಕಡೆ ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದೆ. ಮನುಷ್ಯರಿಗೆ ಕಾಣುವುದಿಲ್ಲ, ಗೂಗಲ್‌ಗೆ ಕಾಣುತ್ತದೆ. ಇದು ಮಹೇಶಕುಮಾರನ ವಿಶೇಷ ಪಾಠ.

ಮನೆಯವರಿಗೆ ಸೂಚನೆಗಳನ್ನು ತೆಗೆದೆ. ಮೇಲಿನ ಆ 'ಬರಬೇಡ' ಸಾಲನ್ನು ಅಳಿಸಿ, ಅಂಗೈಯಗಲದ ಕೆಂಪು ಬಟನ್ ಹಾಕಿದೆ: 'ಕೂಡಲೇ ಕರೆ ಮಾಡಿ'. ಒತ್ತಿದರೆ ನನ್ನ ಫೋನಿಗೆ ಬರುತ್ತದೆ. ಬರೆದು ಕಳಿಸುವ ಅಂಕಣ ಇರಲಿಲ್ಲ ಎಂಬಂತೆ ಮಾಡಿದೆ.

ರಶ್ಮಿ ಸ್ಕೂಟಿ ತೆಗೆಯುವಾಗ ಹೇಳಿದೆ, "ಇನ್ನ ಮ್ಯಾಲ ಫೋನ್ ನಾನ ನೋಡ್ಕೋತೀನಿ."

"ಫೋನ್ ಬ್ಯಾಡ್ರಿ ಅಪ್ಪಾ, ನಮ್ಮಲ್ಲಿ ಬರೋ ಮಂದಿಗೆ ಫೋನ್ ಅಂದ್ರ..."

"ತಲಿನೋವು, ಗೊತ್ತೈತಿ. ಅದಕ್ಕ ನಾ ಅದೀನಿ" ಎಂದು ಮುಗಿಸಿದೆ.

ಅವಳು ಏನೋ ಹೇಳುವವಳಿದ್ದಳು. ತಡವಾಗಿತ್ತು, ಹೆಲ್ಮೆಟ್ ಹಾಕಿಕೊಂಡು ಹೋದಳು. "ಯಾರ ಮಾತೂ ಪೂರಾ ಕೇಳೂದಿಲ್ಲ ನೀವು" ಎಂದು ಗುಣವತಿ ಅಡುಗೆಮನೆಯಿಂದಲೇ ಅಂದಳು. ಈ ಮಾತನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಪೂರಾ.

ಜೂನ್ 16, ರವಿವಾರ

ಲಿಂಕಿನ ವಿಷಯವನ್ನು ಸಂಘದಲ್ಲಿ ಎತ್ತಿದೆ. ಮಹೇಶಕುಮಾರ ಅರ್ಧ ತಾಸು ಹೇಳಿದರೂ ಯಾರ ತಲೆಗೂ ಹೋಗದಿದ್ದದ್ದನ್ನು ನಾನು ಒಂದೇ ಶಬ್ದದಲ್ಲಿ ತಿಳಿಸಿದೆ: ಮುಯ್ಯಿ. ನಿಮ್ಮ ಮನೆಯ ಮದುವೆಗೆ ನಾವು ಮುಯ್ಯಿ ಮಾಡುತ್ತೇವೆ, ನಮ್ಮ ಮನೆಯ ಮದುವೆಗೆ ನೀವು ತೀರಿಸುತ್ತೀರಿ. ನಿಮ್ಮ ವೆಬ್‌ಸೈಟಿನಲ್ಲಿ ನಮ್ಮ ಹೆಸರು, ನಮ್ಮದರಲ್ಲಿ ನಿಮ್ಮ ಹೆಸರು. ಸಭಾಂಗಣದಲ್ಲಿದ್ದ ಅಷ್ಟೂ ಮಂದಿಗೆ ತಕ್ಷಣ ಅರ್ಥವಾಯಿತು. ಮುಯ್ಯಿ ಬಾಕಿ ಉಳಿಸಿಕೊಂಡವನೆಂದು ಅನ್ನಿಸಿಕೊಳ್ಳಲು ನಮ್ಮಲ್ಲಿ ಯಾರೂ ತಯಾರಿಲ್ಲ.

ಸಂಜೆಯೊಳಗೆ ಹನ್ನೊಂದು ವೆಬ್‌ಸೈಟುಗಳು ಒಂದರ ಕಡೆ ಒಂದು ಕೈತೋರಿಸಿ ನಿಂತವು. ಗುರುಸಿದ್ದಪ್ಪನವರ ಬೋರ್‌ವೆಲ್ ಪೈಪಿನ ಪುಟದಲ್ಲಿ 'ಉಗ್ಗು ಇದ್ದರೆ ಇಲ್ಲಿ ಬನ್ನಿ' ಎಂದಿದೆ. ನಮ್ಮ ಪುಟದಲ್ಲಿ 'ಉತ್ತಮ ಪೈಪುಗಳಿಗೆ ಇಲ್ಲಿ ಬನ್ನಿ' ಎಂದಿದೆ. ಜೊತೆಗೆ ಒಬ್ಬ ಟೇಲರ್, ಒಂದು ಕಲ್ಯಾಣಮಂಟಪ, ಬೀದರಿಗೆ ಹೋಗುವ ಎರಡು ಟ್ರಾವೆಲ್ಸ್.

ಜೂನ್ 20, ಗುರುವಾರ

ನಂಬರ್ ಒನ್. ಬೆಳಿಗ್ಗೆ ಚಹಾ ಕುಡಿಯುತ್ತ ಹುಡುಕಿದೆ, ಎಲ್ಲಕ್ಕಿಂತ ಮೇಲೆ ನಮ್ಮದೇ. ನಂಬಿಕೆಯಾಗದೆ ಮಧ್ಯಾಹ್ನದೊಳಗೆ ಇಪ್ಪತ್ತು ಸಲ ಹುಡುಕಿ ಇಪ್ಪತ್ತು ಸಲವೂ ಒತ್ತಿ ಒಳಗೆ ಹೋಗಿ ಬಂದೆ. ಮೂವತ್ತು ದಿನದ ಕೆಲಸವನ್ನು ಏಳು ದಿನದಲ್ಲಿ ಮಾಡಿದ್ದೇನೆ. ಕಾಲೋನಿಯಲ್ಲಿ ಪೇಡೆ ಹಂಚಿದೆ. ಕೋಟಿಲ್ಲದೆ ಮಾಡಿದ್ದೇನೆ ಎಂಬುದನ್ನೂ ನಾಲ್ಕು ಕಡೆ ಹೇಳಿದೆ.

ಜೂನ್ 22, ಶನಿವಾರ

ಕರೆಗಳು ಬರತೊಡಗಿವೆ. ಆದರೆ ಇವರೆಲ್ಲ ಎಂಥ ಜನ? ನಾನು "ಹಲೋ" ಅನ್ನುತ್ತೇನೆ, ಆ ಕಡೆ ಉಸಿರಾಡುವುದು ಮಾತ್ರ ಕೇಳುತ್ತದೆ. ಇಂದು ಮೂರು ಬಂದವು, ಮೂರೂ ಹೀಗೇ. ಮೂರನೆಯವನಿಗೆ, "ಬಾಯಿ ಮನ್ಯಾಗ ಇಟ್ಟು ಬಂದೀರೇನ್ರಿ?" ಎಂದು ಕೇಳಿ ಇಟ್ಟೆ.

ಜೂನ್ 26, ಬುಧವಾರ

ಹಳೆಯ ಅಭ್ಯಾಸದಂತೆ ಒಂದು ರಿಜಿಸ್ಟರ್ ಮಾಡಿದ್ದೇನೆ. ತಾರೀಖು, ವೇಳೆ, ನಂಬರು, ದೋಷದ ಸ್ವರೂಪ. ದೋಷದ ಅಂಕಣದಲ್ಲಿ ಎಲ್ಲ ಕಡೆ 'ಮೌನ' ಎಂದೇ ಬರೆಯಬೇಕಾಗಿದೆ. ಒಂಬತ್ತಾದವು. ಇದು ಯಾವುದೋ ಪೈಪೋಟಿಯ ಕ್ಲಿನಿಕ್ಕಿನವರ ಕೈಕೆಲಸ. ನಂಬರ್ ಒನ್ ಆದವರ ಮೇಲೆ ಎಲ್ಲರ ಕಣ್ಣು.

ಜುಲೈ 2, ಮಂಗಳವಾರ

ಇಂದಿನದು ಎಲ್ಲಕ್ಕಿಂತ ನೀಚ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಬ್ಬ ಹೆಣ್ಣುಮಗಳು. ಮೊದಲು ಮೌನ. ಆಮೇಲೆ "ಮ್... ಮ್... ಮೇ..." ಎಂದು ಶುರು ಮಾಡಿದಳು. ಉಗ್ಗಿನ ದವಾಖಾನೆಗೆ ಫೋನ್ ಮಾಡಿ ಉಗ್ಗಿದಂತೆ ನಟಿಸಿ ಚೇಷ್ಟೆ ಮಾಡುವುದು. ಎಷ್ಟು ಧೈರ್ಯ. "ಮನ್ಯಾಗ ಆಡು ಕಟ್ಟೀರೇನವ್ವಾ? ಅದರ ಕೈಯಾಗ ಫೋನ್ ಕೊಟ್ಟೀರಿ" ಎಂದೆ. ಆ ಕಡೆ ಇಟ್ಟುಬಿಟ್ಟಳು. ತಕ್ಕ ಉತ್ತರ ಕೊಟ್ಟೆ ಎಂದು ಊಟದ ಹೊತ್ತಿನಲ್ಲಿ ಗುಣವತಿಗೆ ಹೇಳಿದೆ. ಅವಳು ನಗಲಿಲ್ಲ. ಅವಳಿಗೆ ಹಾಸ್ಯ ಹಿಡಿಸುವುದಿಲ್ಲ.

ಜುಲೈ 8, ಸೋಮವಾರ

ರಶ್ಮಿ ಹಳೆಯ ಆಸ್ಪತ್ರೆಗೆ ಫೋನ್ ಮಾಡಿದ್ದಾಳೆ. ಜಾಗ ಖಾಲಿ ಇದೆ, ಸೆಪ್ಟೆಂಬರಿನಿಂದ ಬನ್ನಿ ಎಂದರಂತೆ.

"ಮೂರು ವಾರ ಆತು, ಊರ ಕಡಿಂದ ಒಬ್ಬರೂ ಹೊಸಬರು ಬಂದಿಲ್ರಿ. ಮೊದಲು ದಿನಾ ಒಬ್ಬರರ ಬರದು ಕಳಸ್ತಿದ್ರು" ಎಂದಳು.

"ನಾವು ನಂಬರ್ ಒನ್ ಅದೀವಿ" ಎಂದೆ.

"ನಂಬರ್ ಒನ್ ಆದ್ರ ಮಂದಿ ಎಲ್ಲಿ ಅದಾರ್ರಿ?"

ಅವಳು ಊಟ ಅರ್ಧಕ್ಕೆ ಬಿಟ್ಟು ಎದ್ದಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು.

ಜುಲೈ 14, ರವಿವಾರ

ಗುರುಸಿದ್ದಪ್ಪನವರ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ಸೊಸೆ ನಿರೀಕ್ಷಾ ಮಾದಾಪುರದ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಾಳೆ, ವೆಬ್‌ಸೈಟುಗಳನ್ನು ಮೇಲೆ ತರುವುದು. ಸಂಘದವರ ಮನೆಯಲ್ಲೇ ಈ ಹುಡುಗಿಯಿದ್ದೂ ನಾವು ಕೋಟಿನವನ ಬಳಿ ಹೋಗಿದ್ದೆವು. ನನ್ನ ಫೋನಿನಲ್ಲಿ ನಂಬರ್ ಒನ್ ತೋರಿಸಿದೆ. ಅವಳು ತನ್ನ ಫೋನಿನಲ್ಲಿ ಹುಡುಕಿದಳು. ಬೆರಳಿನಿಂದ ಸರಿಸುತ್ತಲೇ ಇದ್ದಳು. ಐದನೆಯ ಪುಟದಲ್ಲಿ ನಮ್ಮದು ಸಿಕ್ಕಿತು.

"ಕಾಕಾ, ನೀವು ದಿನಾ ಇದನ್ನ ಹುಡುಕ್ತೀರಿ, ಇದನ್ನ ಒತ್ತತೀರಿ. ನಿಮಗ ಇದ ಬೇಕು ಅಂತ ನಿಮ್ಮ ಫೋನಿಗೆ ಗೊತ್ತಾಗೈತಿ. ಅದಕ್ಕ ನಿಮಗ ಮ್ಯಾಲ ತೋರಸ್ತೈತಿ. ಬ್ಯಾರೇದವರಿಗೆ ಹಂಗ ಕಾಣೂದಿಲ್ಲ."

ತಿಂಗಳಿಂದ ನನಗೆ ನಾನೇ ಪೇಡೆ ಹಂಚಿಕೊಂಡಿದ್ದೆ.

ಮುಯ್ಯಿಯನ್ನೂ ಅವಳು ಗುರುತಿಸಿದಳು. ಪೈಪಿನ ಅಂಗಡಿಗೂ ಉಗ್ಗಿಗೂ ಏನು ಸಂಬಂಧ ಎಂದು ಗೂಗಲ್ ಕೇಳುತ್ತದಂತೆ. ಓದಿ ಮೆಚ್ಚಿದವರು ತಾವಾಗಿ ಕೊಟ್ಟ ಲಿಂಕಿಗಷ್ಟೇ ಬೆಲೆ, ಒಪ್ಪಂದದ ಲಿಂಕು ಮೋಸದ ಲೆಕ್ಕಕ್ಕೆ ಹೋಗುತ್ತದೆ. ಬಿಳಿ ಅಕ್ಷರವನ್ನು ಅದು ಹತ್ತು-ಹದಿನೈದು ವರ್ಷದ ಹಿಂದೆಯೇ ಹಿಡಿಯಲು ಕಲಿತಿದೆ. ಅರವತ್ತೊಂದು ಸಲದ ಬಗ್ಗೆ ಏನೂ ಅನ್ನಲಿಲ್ಲ, ಹಿರಿಯರೆಂಬ ಮರ್ಯಾದೆಯಿಂದ. ಆಮೇಲೆ ಪುಟವನ್ನು ಮೇಲಕ್ಕೆ ಸರಿಸಿದಳು.

"ಕಾಕಾ, ಈ ಕೆಂಪು ಬಟನ್ ಯಾರು ಹಾಕಿದ್ರು?"

"ನಾನ."

"ಬರದು ಕಳಸೂದು ಇಲ್ಲೇನು? ಮಾತು ಉಗ್ಗೋರಿಗೆ ಎಲ್ಲಾದಕ್ಕಿಂತ ಕಷ್ಟ ಫೋನ್ ಅಲ್ಲೇನ್ರಿ? ನಮ್ಮ ಆಫೀಸಿನ್ಯಾಗ ಒಬ್ಬರು ಅದಾರ. ಫೋನ್ ಬಂದ್ರ ಎದ್ದು ಹೊರಗ ಹೋಗಿಬಿಡ್ತಾರ."

ಹೋಳಿಗೆ ಬಡಿಸಿದರು. ತಿನ್ನಲಾಗಲಿಲ್ಲ.

ಜುಲೈ 15, ಸೋಮವಾರ

ರಿಜಿಸ್ಟರನ್ನು ರಶ್ಮಿಯ ಮುಂದೆ ಇಟ್ಟೆ. ಇಪ್ಪತ್ಮೂರು ನಂಬರು. ಎಲ್ಲವನ್ನೂ ಹೇಳಿದೆ, ಆಡಿನ ಮಾತನ್ನೂ ಬಿಡದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದಳು. ಆಮೇಲೆ ಹೇಳಿದಳು: "ಇದು ಮೌನ ಅಲ್ರಿ ಅಪ್ಪಾ. ಅವರು ಮಾತಾಡಾಕತ್ತಿದ್ರು. ಶಬ್ದ ಗಂಟಲದಾಗ ಸಿಕ್ಕೊಂಡಿರ್ತೈತಿ, ತುಟಿ ಮುಂದ ಬಂದು ನಿಂತಿರ್ತೈತಿ. ಎದುರಿಗಿದ್ರ ಮುಖ ನೋಡಿ ನಿಮಗ ತಿಳೀತಿತ್ತು. ಫೋನಿನ್ಯಾಗ ಏನೂ ಕಾಣೂದಿಲ್ಲ. ಅದಕ್ಕ ಆ ಕಡೆಯವರು ಇಟ್ಟಬಿಡ್ತಾರ, ಇಲ್ಲಾ ಬೈತಾರ. ಹಂಗ ಬೈಸಿಕೊಂಡವರು ವರ್ಷಗಟ್ಟಲೆ ಫೋನ್ ಮುಟ್ಟೂದಿಲ್ಲ. ಇದನ್ನ ಆ ದಿವಸ ಹೇಳಾಕ ಬಂದಿದ್ದೆ, ನೀವು ತಲಿನೋವು ಅಂದ್ರಿ."

ಇನ್ನೂ ಬಹಳ ಹೇಳಿದಳು. ಶಾಲೆಯಲ್ಲಿ ಹಾಜರಿ ಕೂಗುವಾಗ 'ಪ್ರೆಸೆಂಟ್' ಅನ್ನಲಾಗದೆ ಗೈರುಹಾಜರಿ ಬಿದ್ದವರ ಬಗ್ಗೆ, ಹೆಸರು ಹೇಳಲಾಗದ್ದಕ್ಕೆ ಬೇರೆ ಹೆಸರು ಹೇಳಿದವರ ಬಗ್ಗೆ, ಹೋಟೆಲಿನಲ್ಲಿ ದೋಸೆ ಬೇಕಿದ್ದರೂ ಬಾಯಿಗೆ ಬಂದ ಇಡ್ಲಿಯನ್ನೇ ತಿಂದು ಏಳುವವರ ಬಗ್ಗೆ. ಇಷ್ಟು ತಿಂಗಳಲ್ಲಿ ಇದ್ಯಾವುದನ್ನೂ ನನಗೆ ಹೇಳಿರಲಿಲ್ಲವೇ ಎಂದು ಕೇಳಿದೆ. "ಶುರು ಮಾಡಿದ್ದೆ" ಎಂದಳು.

ನಾಚಿಕೆಯಾಗಿದೆ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ.

ಜುಲೈ 17, ಬುಧವಾರ

ಪುಟವನ್ನು ರಶ್ಮಿ ಬರೆದಂತೆಯೇ ಮತ್ತೆ ಕೂಡಿಸಿದೆ. ಅವಳ ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ಇತ್ತು. ಬಟನ್ ತೆಗೆದೆ.

ಮುಯ್ಯಿಯನ್ನು ಬಿಡಿಸುವುದು ಕಷ್ಟದ ಕೆಲಸ. ಮನೆಮನೆಗೆ ಹೋಗಿ ನಮ್ಮ ಹೆಸರು ತೆಗೆಯಿರಿ ಎಂದು ಕೈಮುಗಿದೆ. ಟೇಲರ್ ನಾಲ್ಕು ದಿನ ಮಾತು ಬಿಡುವುದು ಖಂಡಿತ. ಗುರುಸಿದ್ದಪ್ಪನವರು ಹೇಳಿದ್ದು ಹೀಗೆ: "ಅಲ್ರಿ ಶಾಂತಕುಮಾರರ, ಮಾಡಿದ ಮುಯ್ಯಿ ವಾಪಸ್ ಒಯ್ರಿ ಅಂತ ಯಾರರ ಅಂತಾರೇನು? ನಮ್ಮಪ್ಪ ಇದ್ದಿದ್ರ ನಿಮ್ಮ ಮನಿ ಕಡೆ ಕಾಲ ಇಡ್ತಿದ್ದಿಲ್ಲ. ಆದ್ರ ನಿರೀಕ್ಷಾ ಎಲ್ಲಾ ಹೇಳ್ಯಾಳ. ನಮ್ಮ ಸಣ್ಣ ತಮ್ಮನೂ ಹಂಗ ಮಾತಾಡ್ತಿದ್ದ. ಮದಿವಿ ಬ್ಯಾಡ ಅಂತ ಕುಂತ, ಹಂಗ ಹ್ವಾದ. ನಿಮ್ಮ ಮಗಳು ಆವಾಗ ಇರಬೇಕಿತ್ತು." ಇಷ್ಟು ಹೇಳಲು ಅವರಿಗೆ ಎರಡು ಕಪ್ ಚಹಾ ಹಿಡಿಯಿತು. ನಾವು ಗೆಳೆಯರಾಗಿ ಇಪ್ಪತ್ತಾರು ವರ್ಷ. ಅವರಿಗೆ ತಮ್ಮನಿದ್ದ ಎಂಬುದು ಇಂದು ತಿಳಿಯಿತು.

ಮತ್ತೆ ಮೇಲೆ ಬರಲು ತಿಂಗಳುಗಳೇ ಹಿಡಿಯಬಹುದು, ಬರದೆಯೂ ಇರಬಹುದು ಎಂದು ನಿರೀಕ್ಷಾ ಹೇಳಿದ್ದಾಳೆ. ಆಗಸ್ಟ್ ಮುಗಿಯಲು ಆರು ವಾರ.

ಜುಲೈ 19, ಶುಕ್ರವಾರ

ಇಪ್ಪತ್ಮೂರು ನಂಬರಿಗೂ ಸಂದೇಶ ಕಳಿಸಿದೆ. ಮೊದಲು ಕಾಗದದಲ್ಲಿ ನಾಲ್ಕು ಸಲ ಬರೆದು ಹರಿದ ಮೇಲೆ ಉಳಿದದ್ದು ಇಷ್ಟು: 'ನೀವು ತಾರ್ನಾಕದ ಕ್ಲಿನಿಕ್ಕಿಗೆ ಕರೆ ಮಾಡಿದ್ದಿರಿ. ಫೋನ್ ಎತ್ತಿದವನು ಡಾಕ್ಟರಲ್ಲ, ಅವರ ತಂದೆ. ನೀವು ಮಾತಾಡುತ್ತಿದ್ದಿರಿ ಎಂಬುದು ನನಗೆ ತಿಳಿಯಲಿಲ್ಲ. ಕೆಟ್ಟದಾಗಿ ಮಾತಾಡಿದೆ. ತಪ್ಪು ನನ್ನದು, ನನ್ನ ಮಗಳದ್ದಲ್ಲ. ದಯವಿಟ್ಟು ಅವಳಿಗೆ ಬರೆಯಿರಿ.'

ಜುಲೈ 22, ಸೋಮವಾರ

ಇಬ್ಬರು ನಿಜವಾಗಿಯೂ ರಾಂಗ್ ನಂಬರಿನವರು. ಒಬ್ಬನು ಸಾಲ ಬೇಕೇ ಎಂದು ಕೇಳುವ ಕಂಪನಿಯವನು, ಅವನಿಂದ ಕ್ಷಮೆ ವಾಪಸು ಪಡೆಯುವ ಮನಸ್ಸಾಯಿತು. ಆರು ಮಂದಿ ರಶ್ಮಿಗೆ ಬರೆದಿದ್ದಾರೆ, ಅವರಲ್ಲಿ ನಾಲ್ವರು ಬರುವ ವಾರ ಬರುತ್ತಾರೆ. ಉಳಿದವರು ಸುಮ್ಮನಿದ್ದಾರೆ.

ಜುಲೈ 2ರ ನಂಬರಿನಿಂದ ನನಗೇ ಉತ್ತರ ಬಂತು. ಹೆಸರು ಪ್ರಾಜಕ್ತಾ. ಬೀದರಿನಲ್ಲಿ ಗ್ರಂಥಾಲಯದ ಕೆಲಸ. ಹಾಗೇ ಇಲ್ಲಿ ಇಳಿಸುತ್ತೇನೆ: 'ಆ ಕರೆ ಮಾಡಲು ಮೂರು ದಿನ ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಂಡಿದ್ದೆ. ಮೇಡಂ ಇದ್ದಾರೆಯೇ ಎಂದು ಕೇಳಬೇಕಾಗಿತ್ತು, ಅಷ್ಟೇ. ನಿಮ್ಮ ಮಾತು ಕೇಳಿದ ಮೇಲೆ ಗ್ರಂಥಾಲಯದ ಫೋನನ್ನೂ ಎತ್ತಿಲ್ಲ. ತಪ್ಪು ಒಪ್ಪಿಕೊಂಡದ್ದಕ್ಕೆ ಧನ್ಯವಾದ. ಆದರೆ ನಾನು ಅಲ್ಲಿಗೆ ಬರುವುದಿಲ್ಲ.'

ಏನು ಬರೆಯಲಿ ಎಂದು ರಶ್ಮಿಯನ್ನು ಕೇಳಿದೆ. "ಏನೂ ಬರೀಬ್ಯಾಡ್ರಿ. ಅವರು ಹೇಳೂದು ಹೇಳ್ಯಾರ" ಎಂದಳು.

ಆಗಸ್ಟ್ 12, ಸೋಮವಾರ

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂಡತೊಡಗಿ ಎರಡು ವಾರವಾಯಿತು. ಬಂದವರು ಚೀಟಿಯಲ್ಲಿ ಬೇಕಾದರೆ ಬರೆದು ಕೊಡುತ್ತಾರೆ, ಬೇಕಾದರೆ ಮಾತಾಡುತ್ತಾರೆ. ಇಂದು ಸೂರ್ಯನಾರಾಯಣ ಎಂಬ ಲಿಫ್ಟ್ ಮೆಕ್ಯಾನಿಕ್ ತಮ್ಮ ಹೆಸರು ಪೂರ್ತಿ ಹೇಳಿದರು. ಚಿಕ್ಕ ಹೆಸರಿಡುವುದಕ್ಕೆ ಅವರ ತಂದೆತಾಯಿಗೆ ಏನಾಗಿತ್ತೋ. ಗೋಡೆಯ ಕ್ಯಾಲೆಂಡರ್ ನೋಡದೆ ಅವರನ್ನೇ ನೋಡುತ್ತ ಕೂತಿದ್ದೆ.

ಪುಟ ಮೂರರಲ್ಲಿದ್ದೇವೆ, ನಿರೀಕ್ಷಾಳ ಫೋನಿನಲ್ಲಿ.

ಆಗಸ್ಟ್ 30, ಶುಕ್ರವಾರ

ರಶ್ಮಿ ನಾಳೆ ಸಂಜೆಯೊಳಗೆ ಆಸ್ಪತ್ರೆಗೆ ಉತ್ತರ ಹೇಳಬೇಕು. ಬರುವವರು ಇದ್ದಾರೆ, ಸಾಲುವಷ್ಟಿಲ್ಲ.

ಹನ್ನೊಂದೂವರೆಗೆ ನನ್ನ ಫೋನಿಗೆ ಕರೆ ಬಂತು. ಜುಲೈ 2ರ ನಂಬರು. ಎತ್ತಿ, "ನಮಸ್ಕಾರ, ಕೇಳಾಕತ್ತೀನ್ರಿ" ಎಂದು ಸುಮ್ಮನಾದೆ.

ಉಸಿರು ಕೇಳಿಸಿತು. ಒಂದು ಶಬ್ದ ಬಂದು ನಿಂತಿತು. ಯಾವ ಶಬ್ದವೆಂದು ನನಗೆ ಗೊತ್ತಿತ್ತು, ಹೇಳಿಬಿಡಲು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಕೂತೆ. ಒಳಗಿನಿಂದ ರಶ್ಮಿ ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡಿದಳು. ಬೀದಿಯಲ್ಲಿ ಆಟೋದವನೊಬ್ಬ ತೆಲುಗಿನಲ್ಲಿ ಯಾರಿಗೋ ಬೈಯುತ್ತಿದ್ದ. ಫೋನಿನ ಮೇಲೆ ಎರಡು ನಿಮಿಷ ಕಳೆದಿತ್ತು.

ಆಮೇಲೆ ಆಕೆ ಪೂರ್ತಿ ಹೇಳಿದಳು, ನಡುನಡುವೆ ನಿಂತು, ಒಂದು ಅಕ್ಷರವನ್ನೂ ಬಿಡದೆ: "ನಿಮ್ಮ ಕೂಡ ಅಲ್ರಿ. ಮೇಡಂ ಅವರ ಕೂಡ ಮಾತಾಡಬೇಕಾಗೈತಿ."

"ಆತ್ರಿ" ಎಂದು ಫೋನನ್ನು ರಶ್ಮಿಯ ಕೈಗೆ ಕೊಟ್ಟೆ.